ಜೋಡಿ ವೈಫೈ ಕಂಟ್ರೋಲರ್ ಇರುವ ಕಡೆ ಡಿಎಚ್‌ಸಿಪಿ: ಪದೇ ಪದೇ ಕೇಳುವ ಪ್ರಶ್ನೆಗಳು

ವೈಫೈ ನಿಲ್ಲಲೇಬಾರದು ಅನ್ನುವ ಕಡೆ ಕಂಟ್ರೋಲರ್ (ವೈಫೈ ಸಿಗ್ನಲ್ ಬಿಡುವ ಆಕ್ಸೆಸ್ ಪಾಯಿಂಟ್‌ಗಳನ್ನೆಲ್ಲ, ಅಂದರೆ ಎಪಿಗಳನ್ನು, ನಡೆಸುವ ಪೆಟ್ಟಿಗೆ) ಎರಡು ಇಡುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು ಕೆಲಸ ನೋಡಿಕೊಳ್ಳಲಿ ಅಂತ. ಅದಕ್ಕೆ ದುಡ್ಡೂ ಜಾಸ್ತಿಯೇ ಸುರಿದಿರುತ್ತಾರೆ. ಆದರೆ ಫೋನು, ಲ್ಯಾಪ್‌ಟಾಪ್‌ಗಳಿಗೆ ಐಪಿ ವಿಳಾಸ ಹಂಚುವುದು ಯಾರು (ಈ ಹಂಚಿಕೆಯ ವ್ಯವಸ್ಥೆಯೇ ಡಿಎಚ್‌ಸಿಪಿ), ಆ ಹಂಚುವವರೇ ಕೈಕೊಟ್ಟರೆ ಏನು ಗತಿ ಅನ್ನುವುದನ್ನು ಬಹಳ ಕಡೆ ಯೋಚಿಸಿರುವುದೇ ಇಲ್ಲ. ಕಾಲೇಜು, ಆಸ್ಪತ್ರೆ, ಗೋದಾಮುಗಳ ನೆಟ್‌ವರ್ಕ್ ನೋಡಿಕೊಳ್ಳುವವರು ಈ ಬಗ್ಗೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗಳು ಸಿಸ್ಕೋ ಕಂಟ್ರೋಲರ್‌ಗಳವು: ಇನ್ನೂ ಸಾಕಷ್ಟು ಕಡೆ ಓಡುತ್ತಿರುವ ಹಳೆಯ ಏರ್‌ಓಎಸ್, ಮತ್ತು ಅದರ ಜಾಗಕ್ಕೆ ಬಂದ ಕ್ಯಾಟಲಿಸ್ಟ್ 9800. ಬೇರೆ ಕಂಪನಿಯ ಪೆಟ್ಟಿಗೆ ಇದ್ದರೂ ತರ್ಕ ಇದೇ.

ಪ್ರ: ಕಂಟ್ರೋಲರ್ ಒಳಗೇ ಡಿಎಚ್‌ಸಿಪಿ ಸರ್ವರ್ ಇದೆಯಲ್ಲ, ಅದನ್ನೇ ಬಳಸಬಹುದಾ?

ಬಳಸಬಹುದು. ಕಂಟ್ರೋಲರ್ ಎರಡಿದ್ದರೆ ಬಳಸಬೇಡಿ.

ಏರ್‌ಓಎಸ್ ಒಳಗಿನ ಸರ್ವರ್ ಇರುವುದು ಸಣ್ಣ ಶಾಖೆಗಳಿಗೆ, ಡೆಮೊ ತೋರಿಸುವುದಕ್ಕೆ, ಬೇರೆ ಸರ್ವರ್ ಇಲ್ಲದ ಜಾಗಕ್ಕೆ. ಅದು ಯಾರಿಗೆ ಯಾವ ವಿಳಾಸ ಕೊಟ್ಟೆ ಅನ್ನುವುದನ್ನು ರೀಬೂಟ್ ಆದ ಮೇಲೆ ನೆನಪಿಟ್ಟುಕೊಳ್ಳುವುದಿಲ್ಲ. ಇದನ್ನು ಸಿಸ್ಕೋ ತನ್ನ ಕೈಪಿಡಿಯಲ್ಲೇ ಬರೆದಿದೆ: ರೀಬೂಟ್ ಆದರೆ ಒಂದೇ ವಿಳಾಸ ಇಬ್ಬರಿಗೆ ಹೋಗಬಹುದು, ಆಗ ಬಳಕೆದಾರರು ತಮ್ಮ ವಿಳಾಸ ಬಿಟ್ಟುಕೊಟ್ಟು ಹೊಸದು ಕೇಳಬೇಕು ಅಂತ. ಒಂದೇ ಪೆಟ್ಟಿಗೆ ಇದ್ದಾಗಲೇ ಈ ಸ್ಥಿತಿ. ಎರಡು ಇದ್ದಾಗ ಇದು ಇನ್ನೂ ಹದಗೆಡುತ್ತದೆ.

ಪ್ರ: ಎರಡು ಕಂಟ್ರೋಲರ್‌ಗೂ ಒಂದೇ ಪೂಲ್ ಬರೆದಿಟ್ಟರೆ ಸಾಕಲ್ವಾ?

ಸಾಲದು. ಈ ಪ್ರಶ್ನೆಯಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋಗಿವೆ. ಪೂಲ್ ಅಂದರೆ ಯಾವ ವಿಳಾಸಗಳನ್ನು ಕೊಡಬಹುದು ಅನ್ನುವ ಸೆಟ್ಟಿಂಗ್. ಲೀಸ್ ಪಟ್ಟಿ ಅಂದರೆ ಯಾವುದನ್ನು ಯಾರಿಗೆ, ಎಷ್ಟು ಹೊತ್ತಿಗೆ ಕೊಟ್ಟಾಗಿದೆ ಅನ್ನುವ ಲೆಕ್ಕ. ಸೆಟ್ಟಿಂಗ್ ಎರಡೂ ಕಡೆ ಒಂದೇ ಇದ್ದು ಲೆಕ್ಕ ಬೇರೆ ಬೇರೆ ಇದ್ದರೆ, ಒಂದೇ ಲಾಡ್ಜಿಗೆ ಎರಡು ಕೌಂಟರ್, ಎರಡು ರಿಜಿಸ್ಟರ್ ಇಟ್ಟಂತೆ. ಒಂದೇ ರೂಮಿನ ಬೀಗದ ಕೈ ಇಬ್ಬರ ಕೈಗೆ ಹೋಗುತ್ತದೆ.

ಜೋಡಿ ಆಗಬೇಕಾದ್ದು ಈ ಲೆಕ್ಕ. ಕೆಳಗಿನ ಹೆಚ್ಚಿನ ಉತ್ತರಗಳು ಇದರಿಂದಲೇ ಹುಟ್ಟುತ್ತವೆ.

ಪ್ರ: ನಮ್ಮದು ಎಸ್‌ಎಸ್‌ಒ. ಎರಡೂ ಕಂಟ್ರೋಲರ್ ಒಂದೇ ಥರ ಕೆಲಸ ಮಾಡುತ್ತವೆ ಅಂದಿದ್ದರು. ಆದರೂ ತೊಂದರೆ ಇದೆಯಾ?

ಮೊದಲು ನಿಮ್ಮದು ನಿಜವಾಗಿ ಎಸ್‌ಎಸ್‌ಒ ಹೌದಾ ನೋಡಿ. "ರಿಡಂಡೆನ್ಸಿ ಇದೆ" ಅಂತ ಟೆಂಡರ್‌ನಲ್ಲಿ ಬರೆದಿರುತ್ತಾರೆ. ಯಾವ ಬಗೆಯದು ಅಂತ ಬರೆದಿರುವುದಿಲ್ಲ.

ಎಸ್‌ಎಸ್‌ಒ (ಸ್ಟೇಟ್‌ಫುಲ್ ಸ್ವಿಚ್‌ಓವರ್) ಅಂದರೆ ಎರಡು ಪೆಟ್ಟಿಗೆ ಸೇರಿ ಒಂದೇ ಕಂಟ್ರೋಲರ್. ಮ್ಯಾನೇಜ್‌ಮೆಂಟ್ ವಿಳಾಸ ಒಂದೇ, ಸೆಟ್ಟಿಂಗ್ ಒಂದೇ. ಒಂದು ದುಡಿಯುತ್ತದೆ, ಇನ್ನೊಂದು ಸಜ್ಜಾಗಿ ಕಾಯುತ್ತದೆ. ಆಕ್ಸೆಸ್ ಪಾಯಿಂಟ್‌ಗಳ ಮತ್ತು ಬಳಕೆದಾರರ ಸ್ಥಿತಿ ಕೇಬಲ್ ಮೂಲಕ ಆ ಕಡೆಗೆ ಹೋಗುತ್ತಿರುತ್ತದೆ. ಎನ್+1 ಅಂದರೆ ಎರಡು ಸ್ವತಂತ್ರ ಕಂಟ್ರೋಲರ್‌ಗಳು. ವಿಳಾಸ ಬೇರೆ, ಸೆಟ್ಟಿಂಗ್ ಬೇರೆ. ಆಕ್ಸೆಸ್ ಪಾಯಿಂಟ್‌ಗೆ "ನಿನ್ನ ಮೊದಲನೆಯದು ಇದು, ಎರಡನೆಯದು ಅದು" ಅಂತ ಹೇಳಿಟ್ಟಿರುತ್ತೇವೆ. ಮೊದಲನೆಯದು ಹೋದರೆ ಅದು ಎರಡನೆಯದನ್ನು ಹುಡುಕಿಕೊಂಡು ಹೋಗುತ್ತದೆ. ಏರ್‌ಓಎಸ್‌ನಲ್ಲಿ ಹಾರ್ಟ್‌ಬೀಟ್ ಅವಧಿಯೇ, ಅಂದರೆ ಕಂಟ್ರೋಲರ್ ಬದುಕಿದೆಯಾ ಅಂತ ಎಪಿ ವಿಚಾರಿಸುವ ಅಂತರವೇ, ಸಾಮಾನ್ಯವಾಗಿ 30 ಸೆಕೆಂಡ್. ಆಮೇಲೆ ಮತ್ತೆ ಸೇರಿಕೊಳ್ಳುವ ಹೊತ್ತು ಬೇರೆ. ಎರಡರ ಸಾಫ್ಟ್‌ವೇರ್ ಆವೃತ್ತಿ ಬೇರೆ ಇದ್ದರಂತೂ ಎಪಿ ಹೊಸ ಇಮೇಜ್ ಇಳಿಸಿಕೊಂಡು ರೀಬೂಟ್ ಆಗುತ್ತದೆ.

ಎಸ್‌ಎಸ್‌ಒನಲ್ಲಿ ಬಳಕೆದಾರರ ಸ್ಥಿತಿ ಆಚೆ ಹೋಗುವುದು ಅವರು ಪೂರ್ತಿ ಸೇರಿಕೊಂಡ ಮೇಲೆ, ಅಂದರೆ "ರನ್" ಸ್ಥಿತಿಗೆ ಬಂದ ಮೇಲೆ ಮಾತ್ರ. ಅಷ್ಟರಲ್ಲಿ ಐಪಿಗಾಗಿ ಕಾಯುತ್ತಿದ್ದವರು ಮೊದಲಿಂದ ಶುರು ಮಾಡಬೇಕು. ಇದರಿಂದ ದೊಡ್ಡ ನಷ್ಟವೇನಿಲ್ಲ. ಆದರೆ "ಬಳಕೆದಾರರ ಸ್ಥಿತಿ ಆಚೆ ಹೋಗಿದೆ" ಅಂದ ಮಾತ್ರಕ್ಕೆ "ಒಳಗಿನ ಡಿಎಚ್‌ಸಿಪಿ ಸರ್ವರ್‌ನ ಲೆಕ್ಕವೂ ಹೋಗಿದೆ" ಅಂತ ತಿಳಿಯಬೇಡಿ. ಎರಡೂ ಬೇರೆ ಪಟ್ಟಿಗಳು.

ಪ್ರ: ಎನ್+1ನಲ್ಲಿ ಕಂಟ್ರೋಲರ್ ಬದಲಾದಾಗ ನಿಜವಾಗಿ ಏನಾಗುತ್ತದೆ?

ಒಂದು ಲ್ಯಾಪ್‌ಟಾಪನ್ನು ಹತ್ತಿರದಿಂದ ನೋಡೋಣ. ಅದಕ್ಕೆ ಮೊದಲ ಕಂಟ್ರೋಲರ್‌ನ ಒಳ ಸರ್ವರ್ 10.20.4.37 ಕೊಟ್ಟಿದೆ. ಲೀಸ್ ಒಂದು ದಿನದ್ದು. ಬೆಳಿಗ್ಗೆ 11ಕ್ಕೆ ಆ ಕಂಟ್ರೋಲರ್ ಹೋಯಿತು. ಎಪಿ ಎರಡನೆಯದಕ್ಕೆ ಸೇರಿತು. ಲ್ಯಾಪ್‌ಟಾಪ್ ಅದೇ ಎಸ್‌ಎಸ್‌ಐಡಿಗೆ (ವೈಫೈ ಹೆಸರಿಗೆ) ಮತ್ತೆ ಜೋಡಿಸಿಕೊಂಡಿತು.

ಈಗ ಲ್ಯಾಪ್‌ಟಾಪ್ ಡಿಸ್ಕವರ್‌ನಿಂದ, ಅಂದರೆ "ಯಾರಾದರೂ ವಿಳಾಸ ಕೊಡಿ" ಅನ್ನುವ ಕೂಗಿನಿಂದ, ಶುರು ಮಾಡುವುದಿಲ್ಲ. ಅದರ ಹತ್ತಿರ ಲೀಸ್ ಇದೆಯಲ್ಲ. "ನನ್ನದು 10.20.4.37, ಇದನ್ನೇ ಬಳಸಲಾ?" ಅಂತ ನೇರವಾಗಿ ರಿಕ್ವೆಸ್ಟ್ ಕಳಿಸುತ್ತದೆ. ಎರಡನೆಯ ಕಂಟ್ರೋಲರ್‌ಗೆ ಈ ಲ್ಯಾಪ್‌ಟಾಪ್ ಯಾರು ಅಂತಲೇ ಗೊತ್ತಿಲ್ಲ. ಡಿಎಚ್‌ಸಿಪಿಯ ನಿಯಮ ಬರೆದಿಟ್ಟಿರುವ 1997ರ ಆರ್‌ಎಫ್‌ಸಿ 2131 ಹೇಳುವುದೇನೆಂದರೆ, ಸರ್ವರ್ ಹತ್ತಿರ ಆ ಕ್ಲೈಂಟ್‌ನ ದಾಖಲೆ ಇಲ್ಲದಿದ್ದರೆ ಅದು ಸುಮ್ಮನಿರಬೇಕು. ಉತ್ತರ ಬರಲಿಲ್ಲ. ಆಗ ಕ್ಲೈಂಟ್ ಉಳಿದ ಅವಧಿಗೆ ಹಳೆಯ ವಿಳಾಸವನ್ನೇ ಬಳಸಬಹುದು ಅಂತಲೂ ಅದೇ ಆರ್‌ಎಫ್‌ಸಿ ಹೇಳುತ್ತದೆ. ಹಾಗಾಗಿ ಲ್ಯಾಪ್‌ಟಾಪ್ 10.20.4.37 ಇಟ್ಟುಕೊಂಡೇ ಕೆಲಸ ಮುಂದುವರಿಸುತ್ತದೆ.

ಹತ್ತು ನಿಮಿಷ ಬಿಟ್ಟು ಹೊಸ ಫೋನೊಂದು ಬಂತು. ಡಿಸ್ಕವರ್ ಕಳಿಸಿತು. ಎರಡನೆಯ ಕಂಟ್ರೋಲರ್‌ನ ಲೆಕ್ಕದಲ್ಲಿ ಪೂಲ್‌ನ ಯಾವ ವಿಳಾಸವೂ ಇನ್ನೂ ಯಾರಿಗೂ ಹೋಗಿಲ್ಲ. ಅದು 10.20.4.37 ಎತ್ತಿ ಕೊಟ್ಟಿತು. ಈಗ ಒಂದೇ ವಿಳಾಸಕ್ಕೆ ಇಬ್ಬರು. ಇಬ್ಬರಿಗೂ ನೆಟ್ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ದೂರು ಕೊಡುವವರು "ವೈಫೈ ನಿಧಾನ" ಅನ್ನುತ್ತಾರೆ. ಹೆಲ್ಪ್‌ಡೆಸ್ಕ್‌ನವರು ಸಿಗ್ನಲ್ ಅಳೆಯಲು ಹೋಗುತ್ತಾರೆ. ಕಾರಣ ಇರುವುದೇ ಬೇರೆ ಕಡೆ.

ವಿಳಾಸ ಕೊಡುವ ಮುಂಚೆ "ಅಲ್ಲಿ ಯಾರಾದರೂ ಇದ್ದೀರಾ" ಅಂತ ಪಿಂಗ್ ಮಾಡಿ ನೋಡುವ ಸರ್ವರ್‌ಗಳಿವೆ. ಅದನ್ನು ಪೂರ್ತಿ ನಂಬಬೇಡಿ. ಮಲಗಿರುವ ಫೋನು, ಫೈರ್‌ವಾಲ್ ಹಾಕಿಕೊಂಡ ವಿಂಡೋಸ್ ಲ್ಯಾಪ್‌ಟಾಪ್ ಪಿಂಗ್‌ಗೆ ಉತ್ತರವನ್ನೇ ಕೊಡುವುದಿಲ್ಲ.

ಪ್ರ: ಪೂಲ್ ಅನ್ನು ಅರ್ಧ ಅರ್ಧ ಮಾಡಿ ಎರಡು ಕಂಟ್ರೋಲರ್‌ಗೆ ಕೊಟ್ಟರೆ?

ಡಬಲ್ ವಿಳಾಸದ ಕಾಟ ತಪ್ಪುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಇದನ್ನು ಮಾಡಿ. ಆದರೆ ಪ್ರತಿ ಅರ್ಧವೂ ಎಲ್ಲರಿಗೆ ಸಾಲುವಷ್ಟು ದೊಡ್ಡದಿರಬೇಕು. ಒಂದು ಕಂಟ್ರೋಲರ್ ಹೋದ ಮೇಲೆ ಉಳಿದದ್ದೇ ಎಲ್ಲರಿಗೂ ವಿಳಾಸ ಕೊಡಬೇಕಲ್ಲ. 500 ಜನರ ಹಾಸ್ಟೆಲ್‌ಗೆ ಒಬ್ಬರಿಗೆ ಒಂದೇ ಸಾಧನ ಅಂದುಕೊಂಡರೂ /22 ಗಾತ್ರದ ನೆಟ್‌ವರ್ಕ್ ಬೇಕು: 1022 ವಿಳಾಸ, ಆ ಕಡೆ 511, ಈ ಕಡೆ 511. ತಲಾ ಎರಡು ಸಾಧನ ಇದ್ದರೆ /21.

80-20 ಹಂಚಿಕೆ ಅನ್ನುವುದನ್ನೂ ಕೇಳಿರುತ್ತೀರಿ. ಅದು ಹಳೆಯ ವಿಂಡೋಸ್ ಸರ್ವರ್ ಕಾಲದ ಪದ್ಧತಿ. ಮುಖ್ಯ ಸರ್ವರ್ ಬೇಗ ವಾಪಸ್ ಬರುತ್ತದೆ ಅನ್ನುವ ಭರವಸೆಯ ಮೇಲೆ ನಿಂತದ್ದು. ಜನ ಬಂದು ಹೋಗುತ್ತಲೇ ಇರುವ ವೈಫೈಗೆ ಆ 20 ಪಾಲು ಬೇಗ ಮುಗಿದುಹೋಗುತ್ತದೆ.

ಪ್ರ: ಹಾಗಾದರೆ ಡಿಎಚ್‌ಸಿಪಿ ಎಲ್ಲಿರಬೇಕು?

ಕಂಟ್ರೋಲರ್‌ಗಳ ಆಚೆ, ತಮ್ಮ ಲೆಕ್ಕವನ್ನು ಪರಸ್ಪರ ಹಂಚಿಕೊಳ್ಳುವ ಎರಡು ಸರ್ವರ್‌ಗಳಲ್ಲಿ.

ವಿಂಡೋಸ್ ಸರ್ವರ್ ಇದ್ದರೆ ಕೆಲಸ ಸುಲಭ. ವಿಂಡೋಸ್ ಸರ್ವರ್ 2012ರಿಂದ ಡಿಎಚ್‌ಸಿಪಿ ಫೇಲ್‌ಓವರ್ ಒಳಗೇ ಬರುತ್ತದೆ. ಎರಡು ಬಗೆ: ಇಬ್ಬರೂ ದುಡಿಯುವ ಲೋಡ್ ಬ್ಯಾಲೆನ್ಸ್, ಒಬ್ಬರು ಕಾಯುವ ಹಾಟ್ ಸ್ಟ್ಯಾಂಡ್‌ಬೈ. ಲೀಸ್‌ಗಳು ತಾವಾಗಿಯೇ ಆಚೀಚೆ ಹೋಗುತ್ತವೆ. ಸ್ಕೋಪ್ (ವಿಂಡೋಸ್‌ನಲ್ಲಿ ಪೂಲ್‌ನ ಹೆಸರು) ಸೆಟ್ಟಿಂಗ್ ಮಾತ್ರ ಹಾಗಲ್ಲ. ಒಂದು ಕಡೆ ಪ್ರಿಂಟರ್‌ಗೆ ರಿಸರ್ವೇಶನ್ ಸೇರಿಸಿದರೆ ಅದನ್ನು ನೀವೇ ರೆಪ್ಲಿಕೇಟ್ ಮಾಡಬೇಕು. ಇದನ್ನು ಮರೆತರೆ ತಿಂಗಳುಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಆಚೆಯ ಸರ್ವರ್ ಉತ್ತರ ಕೊಡುತ್ತದೆ, ಪ್ರಿಂಟರ್‌ನ ವಿಳಾಸ ಬದಲಾಗುತ್ತದೆ, ಯಾರಿಗೂ ಪ್ರಿಂಟ್ ಬರುವುದಿಲ್ಲ. ಎರಡೂ ಸರ್ವರ್‌ಗಳ ಗಡಿಯಾರವೂ ಸರಿಯಾಗಿರಲಿ. ಲೀಸ್ ಅಂದರೆ ಸಮಯದ ಲೆಕ್ಕವೇ ತಾನೆ.

ಲಿನಕ್ಸ್ ಇಷ್ಟಪಡುವವರಿಗೆ ಕಿಯಾ ಅನ್ನುವ ಡಿಎಚ್‌ಸಿಪಿ ಸರ್ವರ್ ಇದೆ. ಉಚಿತ. ಲೋಡ್ ಬ್ಯಾಲೆನ್ಸಿಂಗ್, ಹಾಟ್ ಸ್ಟ್ಯಾಂಡ್‌ಬೈ ಎರಡೂ ಮಾಡುತ್ತದೆ. ಎಲ್ಲರಿಗೂ ಪರಿಚಯವಿದ್ದ ಹಳೆಯ ಐಎಸ್‌ಸಿ ಡಿಎಚ್‌ಸಿಪಿಯ ನಿರ್ವಹಣೆಯನ್ನು ಅದನ್ನು ಬರೆದವರೇ 2022ರಲ್ಲಿ ನಿಲ್ಲಿಸಿದರು. ಅದು ಇನ್ನೂ ಓಡುತ್ತಿದ್ದರೆ ಗಾಬರಿ ಬೇಡ, ಆದರೆ ಹೊಸದಾಗಿ ಹಾಕುವಾಗ ಅದನ್ನು ಆರಿಸಬೇಡಿ.

ಪ್ರ: ಪ್ರಾಕ್ಸಿ ಇಡಬೇಕಾ, ತೆಗೆಯಬೇಕಾ?

ಏರ್‌ಓಎಸ್ ಇದ್ದವರಿಗೆ ಈ ಪ್ರಶ್ನೆ ಬಹಳ ಮುಖ್ಯ. ಪ್ರಾಕ್ಸಿ ಆನ್ ಇದ್ದರೆ ಕಂಟ್ರೋಲರ್ ನಡುವೆ ಕೂತು ಎರಡೂ ಕಡೆ ಮಾತಾಡುತ್ತದೆ. ಲ್ಯಾಪ್‌ಟಾಪ್‌ಗೆ ನಿಜವಾದ ಸರ್ವರ್ ಕಾಣುವುದಿಲ್ಲ. ಕಂಟ್ರೋಲರ್‌ನ ವರ್ಚುವಲ್ ವಿಳಾಸವೇ ಸರ್ವರ್ ಅಂತ ಕಾಣುತ್ತದೆ. ಲೀಸ್ ಅರ್ಧ ಅವಧಿ ಮುಗಿದಾಗ ಲ್ಯಾಪ್‌ಟಾಪ್ ನವೀಕರಣಕ್ಕೆ ಆ ವರ್ಚುವಲ್ ವಿಳಾಸಕ್ಕೇ ಬರೆಯುತ್ತದೆ.

ಹಾಗಾಗಿ ಎರಡು ನಿಯಮ. ಒಂದೇ ಮೊಬಿಲಿಟಿ ಗ್ರೂಪಿನ (ಬಳಕೆದಾರರು ಒಂದರಿಂದ ಇನ್ನೊಂದಕ್ಕೆ ರೋಮಿಂಗ್ ಮಾಡಬಹುದಾದ ಗುಂಪಿನ) ಎಲ್ಲ ಕಂಟ್ರೋಲರ್‌ಗಳ ವರ್ಚುವಲ್ ವಿಳಾಸ ಒಂದೇ ಇರಬೇಕು. ಪ್ರಾಕ್ಸಿ ಆನ್ ಅಥವಾ ಆಫ್, ಎಲ್ಲ ಕಡೆ ಒಂದೇ ಥರ ಇರಬೇಕು. ಒಂದರಲ್ಲಿ ಆನ್, ಇನ್ನೊಂದರಲ್ಲಿ ಆಫ್ ಇದ್ದರೆ ರೋಮಿಂಗ್ ಮಾಡಿದವರು ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ಕಂಟ್ರೋಲರ್ ಒಳಗಿನ ಸರ್ವರ್ ಬಳಸುವುದಾದರೆ ಪ್ರಾಕ್ಸಿ ಆನ್ ಇರಲೇಬೇಕು. ಹೊರಗಿನ ಸರ್ವರ್ ಇದ್ದರೆ ನಾನು ಪ್ರಾಕ್ಸಿ ತೆಗೆಯಿರಿ ಅನ್ನುತ್ತೇನೆ. ನಡುವೆ ಒಬ್ಬ ಮಧ್ಯವರ್ತಿ ಕಡಿಮೆಯಾದರೆ ಪ್ಯಾಕೆಟ್ ಕ್ಯಾಪ್ಚರ್ ಓದುವುದೂ ಸುಲಭ.

9800ರಲ್ಲಿ ಕಂಟ್ರೋಲರ್ ಬರೀ ಸೇತುವೆ ಆಗಿರಲಿ. ಬಳಕೆದಾರರ ವಿಎಲ್ಯಾನ್‌ಗೆ (ಅದೇ ಸ್ವಿಚ್‌ಗಳ ಮೇಲೆ ಬೇರೆಯಾಗಿ ಓಡುವ ಉಪ ನೆಟ್‌ವರ್ಕ್‌ಗೆ) ಕಂಟ್ರೋಲರ್ ಮೇಲೆ ಐಪಿ ಇಂಟರ್‌ಫೇಸ್ ಬೇಡ. ರಿಲೇ ಕೆಲಸವನ್ನು, ಅಂದರೆ ವಿನಂತಿಯನ್ನು ಸರ್ವರ್‌ಗೆ ದಾಟಿಸುವುದನ್ನು, ಮೇಲಿನ ರೂಟರ್ ಅಥವಾ ಲೇಯರ್ 3 ಸ್ವಿಚ್ ಮಾಡಲಿ.

ಪ್ರ: ವರ್ಚುವಲ್ ವಿಳಾಸ 1.1.1.1 ಇದೆ. ಬಿಡಬಹುದಾ?

ಬದಲಾಯಿಸಿ. ಮೊದಲೆಲ್ಲ ಎಲ್ಲರೂ ಅದನ್ನೇ ಹಾಕುತ್ತಿದ್ದರು. 2018ರ ಏಪ್ರಿಲ್‌ನಿಂದ ಅದು ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್ ವಿಳಾಸ. ಉದಾಹರಣೆಗಳಿಗೆಂದೇ ಮೀಸಲಿಟ್ಟ 192.0.2.1 ಹಾಕಿ. ಎಲ್ಲ ಕಂಟ್ರೋಲರ್‌ಗಳಲ್ಲೂ ಒಂದೇ ಸಲ ಬದಲಾಯಿಸಿ, ರೀಬೂಟ್‌ಗೆ ಸಮಯ ಇಟ್ಟುಕೊಂಡು.

ಪ್ರ: ಮೇಲೆ ಎರಡು ರೂಟರ್ ಇವೆ. ಎರಡರಲ್ಲೂ ಹೆಲ್ಪರ್ ಅಡ್ರೆಸ್ (ಯಾವ ಸರ್ವರ್‌ಗೆ ರಿಲೇ ಮಾಡಬೇಕು ಅನ್ನುವ ಸೆಟ್ಟಿಂಗ್) ಹಾಕಿದರೆ ಸರ್ವರ್‌ಗೆ ಒಂದೇ ವಿನಂತಿ ಎರಡೆರಡು ಸಲ ಹೋಗಲ್ವಾ?

ಹೋಗುತ್ತದೆ, ಹೋಗಲಿ. ಎರಡರಲ್ಲೂ ಇರುವುದು ಒಂದೇ ಮ್ಯಾಕ್ (ಸಾಧನದ ಗುರುತಿನ ಸಂಖ್ಯೆ), ಒಂದೇ ಟ್ರಾನ್ಸಾಕ್ಷನ್ ನಂಬರ್. ಸರ್ವರ್ ಅದೇ ವಿಳಾಸವನ್ನೇ ಕೊಡುತ್ತದೆ. ಗಮನಿಸಬೇಕಾದ್ದು ಇನ್ನೊಂದಿದೆ. ರಿಲೇ ಮಾಡುವ ರೂಟರ್ ಸಾಮಾನ್ಯವಾಗಿ ತನ್ನ ಸ್ವಂತ ಇಂಟರ್‌ಫೇಸ್ ವಿಳಾಸ ಬರೆಯುತ್ತದೆ, ಇಬ್ಬರೂ ಹಂಚಿಕೊಂಡ ಗೇಟ್‌ವೇ ವಿಳಾಸವನ್ನಲ್ಲ. ಹಾಗಾಗಿ ಫೈರ್‌ವಾಲ್‌ನಲ್ಲಿ ಎರಡೂ ರೂಟರ್‌ಗಳ ವಿಳಾಸಕ್ಕೆ ಯುಡಿಪಿ 67 ತೆರೆದಿರಬೇಕು.

ಪ್ರ: ಕಂಟ್ರೋಲರ್ ಬದಲಾಯಿತು. ಮ್ಯಾನೇಜ್‌ಮೆಂಟ್ ಪಿಂಗ್ ಆಗುತ್ತದೆ, ಎಪಿಗಳೆಲ್ಲ ಬಂದಿವೆ, ಆದರೆ ಯಾರಿಗೂ ಐಪಿ ಸಿಗುತ್ತಿಲ್ಲ. ಯಾಕೆ?

ಎಲ್ಲರೂ ಸರ್ವರ್ ಮೇಲೆ ಅನುಮಾನ ಪಡುತ್ತಾರೆ. ಮೊದಲು ಸ್ವಿಚ್ ನೋಡಿ.

ಎರಡನೆಯ ಕಂಟ್ರೋಲರ್‌ಗೆ ಹೋಗುವ ಟ್ರಂಕ್ ಪೋರ್ಟ್‌ನಲ್ಲಿ (ಹಲವು ವಿಎಲ್ಯಾನ್ ಸಾಗಿಸುವ ಸ್ವಿಚ್ ಪೋರ್ಟ್‌ನಲ್ಲಿ) ಯಾವ ವಿಎಲ್ಯಾನ್‌ಗಳಿಗೆ ಅನುಮತಿ ಇದೆ? ಕಂಟ್ರೋಲರ್ ಕೂರಿಸಿದ ದಿನ ಎರಡೂ ಪೋರ್ಟ್ ಒಂದೇ ಥರ ಇರುತ್ತವೆ. ಆಮೇಲೆ ಯಾರೋ ಗೆಸ್ಟ್‌ಗೆಂದು ಹೊಸ ವಿಎಲ್ಯಾನ್ ಸೇರಿಸುತ್ತಾರೆ. ದುಡಿಯುತ್ತಿರುವ ಕಂಟ್ರೋಲರ್‌ನ ಪೋರ್ಟ್‌ಗೆ ಸೇರಿಸುತ್ತಾರೆ, ಪರೀಕ್ಷಿಸುತ್ತಾರೆ, ಮುಗಿಸುತ್ತಾರೆ. ಕಾಯುತ್ತಿರುವ ಕಂಟ್ರೋಲರ್‌ನ ಪೋರ್ಟ್ ಹಾಗೇ ಉಳಿಯುತ್ತದೆ. ಮ್ಯಾನೇಜ್‌ಮೆಂಟ್ ವಿಎಲ್ಯಾನ್ ಮೊದಲಿಂದಲೂ ಇರುವುದರಿಂದ ಪಿಂಗ್ ಸರಾಗವಾಗಿ ಹೋಗುತ್ತದೆ. ಬಳಕೆದಾರರ ಡಿಸ್ಕವರ್ ಮಾತ್ರ ಆ ಪೋರ್ಟ್‌ನಲ್ಲೇ ಸತ್ತುಹೋಗುತ್ತದೆ. ಫೋನ್‌ನಲ್ಲಿ "ಐಪಿ ವಿಳಾಸ ಪಡೆಯಲಾಗುತ್ತಿದೆ" ಅಂತ ಸುತ್ತುತ್ತಲೇ ಇರುತ್ತದೆ. ವಿಂಡೋಸ್‌ನಲ್ಲಿ 169.254 ಅಂತ ಶುರುವಾಗುವ ವಿಳಾಸ ಕಾಣುತ್ತದೆ.

ಎರಡನೆಯದು ಡಿಎಚ್‌ಸಿಪಿ ಸ್ನೂಪಿಂಗ್, ಅಂದರೆ ನಂಬಿಕಸ್ತವಲ್ಲದ ಪೋರ್ಟ್‌ನಿಂದ ಬರುವ ಡಿಎಚ್‌ಸಿಪಿ ಉತ್ತರವನ್ನು ಸ್ವಿಚ್ ತಡೆಯುವುದು. ವಿಳಾಸ ಹಂಚುವುದು ಕಂಟ್ರೋಲರೇ ಆಗಿದ್ದರೆ ಅಥವಾ ಅದೇ ಪ್ರಾಕ್ಸಿ ಆಗಿದ್ದರೆ, ಆಫರ್ ಬರುವ ಪೋರ್ಟ್ ನಂಬಿಕಸ್ತ ಅಂತ ಸ್ವಿಚ್‌ಗೆ ಹೇಳಿರಬೇಕು. ಎರಡೂ ಪೋರ್ಟ್‌ಗೆ ಹೇಳಿ. ಮೂರನೆಯದು ಫೈರ್‌ವಾಲ್. ಎನ್+1ನಲ್ಲಿ ಪ್ರಾಕ್ಸಿ ಇದ್ದರೆ ಸರ್ವರ್‌ಗೆ ಹೋಗುವ ವಿನಂತಿಯಲ್ಲಿ ಎರಡನೆಯ ಕಂಟ್ರೋಲರ್‌ನ ಇಂಟರ್‌ಫೇಸ್ ವಿಳಾಸ ಇರುತ್ತದೆ. ಅದು ನಿಯಮದಲ್ಲಿ ಇದೆಯಾ ನೋಡಿ.

ಪ್ರ: ಆಕ್ಸೆಸ್ ಪಾಯಿಂಟ್‌ಗಳಿಗೂ ಐಪಿ ಬೇಕಲ್ಲ. ಅದನ್ನು ಕಂಟ್ರೋಲರ್‌ನಿಂದಲೇ ಕೊಡಬಹುದಾ?

ಬೇಡ. ಕಂಟ್ರೋಲರ್ ಬಿದ್ದ ಹೊತ್ತಲ್ಲೇ ಕರೆಂಟ್ ಹೋಗಿ ಬಂದು ಎಪಿ ರೀಬೂಟ್ ಆಯಿತು ಅಂದುಕೊಳ್ಳಿ. ಐಪಿ ಇಲ್ಲದೆ ಅದು ಯಾವ ಕಂಟ್ರೋಲರ್ ಅನ್ನೂ ಹುಡುಕಲಾರದು. ಜೊತೆಗೆ ಕಂಟ್ರೋಲರ್‌ನ ವಿಳಾಸವನ್ನು ಎಪಿಗೆ ತಿಳಿಸುವ ಆಪ್ಷನ್ 43 ಅನ್ನು ಏರ್‌ಓಎಸ್‌ನ ಒಳ ಸರ್ವರ್ ಕೊಡುವುದಿಲ್ಲ.

ಹೊರಗಿನ ಸರ್ವರ್‌ನಲ್ಲಿ ಆಪ್ಷನ್ 43 ಬರೆಯುವಾಗ ಎಷ್ಟು ವಿಳಾಸ ಹಾಕಬೇಕು ಅನ್ನುವುದು ರಿಡಂಡೆನ್ಸಿ ಬಗೆಯ ಮೇಲೆ ನಿಂತಿದೆ. ಎಸ್‌ಎಸ್‌ಒ ಜೋಡಿಗೆ ಒಂದೇ ವಿಳಾಸ, ಯಾಕೆಂದರೆ ಹೊರಗೆ ಕಾಣುವುದು ಒಂದೇ ಕಂಟ್ರೋಲರ್. ಎನ್+1ಗೆ ಎರಡೂ ವಿಳಾಸ. ಸಿಸ್ಕೋ ಬಗೆಯಲ್ಲಿ ಮೊದಲ ಬೈಟ್ ಎಫ್1, ಎರಡನೆಯದು ಉದ್ದ, ಆಮೇಲೆ ಹೆಕ್ಸ್‌ನಲ್ಲಿ ವಿಳಾಸಗಳು. ಒಂದು ವಿಳಾಸಕ್ಕೆ ಉದ್ದ 04, ಎರಡಕ್ಕೆ 08. ಎರಡನೆಯ ವಿಳಾಸ ಸೇರಿಸಿ ಉದ್ದ 04 ಅಂತಲೇ ಬಿಟ್ಟಿರುವುದನ್ನು ಬಹಳ ಕಡೆ ನೋಡಿದ್ದೇನೆ. ಎಪಿ ಮತ್ತು ಕಂಟ್ರೋಲರ್ ನಡುವೆ ಯುಡಿಪಿ 5246, 5247 ತೆರೆದಿರಲಿ, ಎರಡೂ ಕಂಟ್ರೋಲರ್‌ಗೆ.

ಪ್ರ: "ಡಿಎಚ್‌ಸಿಪಿ ರಿಕ್ವೈರ್ಡ್" ಟಿಕ್ ಮಾಡಿದರೆ ಒಳ್ಳೆಯದಲ್ವಾ?

ಗೆಸ್ಟ್ ವೈಫೈಗೆ ಒಳ್ಳೆಯದು. ಕೈಯಾರೆ ಐಪಿ ಹಾಕಿಕೊಂಡವರು ಒಳಗೆ ಬರುವುದಿಲ್ಲ. ಆದರೆ ಎನ್+1ನಲ್ಲಿ ಕಂಟ್ರೋಲರ್ ಬದಲಾದಾಗ ಪ್ರತಿಯೊಬ್ಬರೂ ಮತ್ತೆ ಡಿಎಚ್‌ಸಿಪಿ ಮಾಡಲೇಬೇಕು. ಫೋನು, ಲ್ಯಾಪ್‌ಟಾಪ್ ಮಾಡುತ್ತವೆ. ಗೋದಾಮಿನ ಬಾರ್‌ಕೋಡ್ ಸ್ಕ್ಯಾನರ್, ಹಳೆಯ ವೈಫೈ ಪ್ರಿಂಟರ್, ಆಸ್ಪತ್ರೆಯ ಕೆಲವು ಉಪಕರಣಗಳು "ನನ್ನ ಲೀಸ್ ಇನ್ನೂ ಇದೆ" ಅಂತ ಸುಮ್ನೆ ಕೂತುಬಿಡುತ್ತವೆ. ಅವು ಇರುವ ಎಸ್‌ಎಸ್‌ಐಡಿಯಲ್ಲಿ ಟಿಕ್ ತೆಗೆಯಿರಿ.

ಪ್ರ: ಲೀಸ್ ಎಷ್ಟು ಹೊತ್ತಿನದು ಇಡಬೇಕು?

ಗೆಸ್ಟ್‌ಗೆ ಒಂದೆರಡು ಗಂಟೆ, ಸಿಬ್ಬಂದಿಗೆ ಒಂದು ಪಾಳಿಯಷ್ಟು, ಅಂದರೆ ಎಂಟು ಗಂಟೆ. ಹಾಸ್ಟೆಲ್‌ಗೆ ಒಂದು ದಿನ. ತೀರಾ ಚಿಕ್ಕದು ಮಾಡಬೇಡಿ. ಸರ್ವರ್ ಕೆಟ್ಟರೆ ಲೀಸ್‌ನ ಉಳಿದ ಅವಧಿಯೇ ನಿಮಗೆ ಸಿಗುವ ಸಮಯ. ಎಂಟು ಗಂಟೆಯ ಲೀಸ್ ಇದ್ದರೆ ನಾಲ್ಕನೆಯ ಗಂಟೆಗೆ ಕ್ಲೈಂಟ್ ನವೀಕರಿಸುತ್ತದೆ. ಹಾಗಾಗಿ ಯಾವ ಕ್ಷಣದಲ್ಲಿ ಸರ್ವರ್ ಹೋದರೂ ಆಗಲೇ ಸೇರಿರುವವರಿಗೆ ಕನಿಷ್ಠ ನಾಲ್ಕು ಗಂಟೆ ಉಳಿದಿರುತ್ತದೆ. 15 ನಿಮಿಷದ ಲೀಸ್ ಆದರೆ ಎಂಟು ನಿಮಿಷದಲ್ಲೇ ಫೋನ್ ಕರೆಗಳು ಶುರುವಾಗುತ್ತವೆ.

ಇನ್ನೊಂದು ಮಾತು. ಆಂಡ್ರಾಯ್ಡ್ 10 ಮತ್ತು ಐಓಎಸ್ 14 ಬಂದ ಮೇಲೆ ಫೋನ್‌ಗಳು ಪ್ರತಿ ನೆಟ್‌ವರ್ಕ್‌ಗೂ ಬೇರೆ ಬೇರೆ ಮ್ಯಾಕ್ ವಿಳಾಸ ತೋರಿಸುತ್ತವೆ. ಬಳಕೆದಾರರು ನೆಟ್‌ವರ್ಕ್ ಮರೆತು ಮತ್ತೆ ಸೇರಿದರೆ ಆ ಮ್ಯಾಕ್ ಬದಲಾಗಲೂಬಹುದು. ಸರ್ವರ್‌ಗೆ ಅದು ಹೊಸ ಸಾಧನ. ಪೂಲ್ ಅಳೆಯುವಾಗ ತಲೆ ಎಣಿಸಿದರೆ ಸಾಲದು. ಒಂದು ಲೀಸ್ ಅವಧಿಯಲ್ಲಿ ಎಷ್ಟು ಮ್ಯಾಕ್ ಬಂದವು ಅಂತ ಎಣಿಸಿ.

ಪ್ರ: ಶಾಖೆಗಳಲ್ಲಿ ಫ್ಲೆಕ್ಸ್‌ಕನೆಕ್ಟ್ ಇದೆ. ಇದೆಲ್ಲ ನಮಗೂ ಅನ್ವಯಿಸುತ್ತದಾ?

ಲೋಕಲ್ ಸ್ವಿಚಿಂಗ್ ಇದ್ದರೆ ಬಹುಪಾಲು ಇಲ್ಲ. ಬಳಕೆದಾರರ ಟ್ರಾಫಿಕ್ ಎಪಿಯಿಂದಲೇ ಶಾಖೆಯ ಸ್ವಿಚ್‌ಗೆ ಇಳಿಯುತ್ತದೆ. ವಿಳಾಸ ಅಲ್ಲಿನ ರೂಟರ್ ಕೊಡುತ್ತದೆ.

ಪ್ರ: ಐಪಿವಿ6?

ಫೋನ್‌ಗಳಿಗೆ ರೂಟರ್ ಅಡ್ವರ್ಟೈಸ್‌ಮೆಂಟ್ (ರೂಟರ್ ತಾನೇ ಕಳಿಸುವ ಪ್ರಕಟಣೆ) ಮೂಲಕ ವಿಳಾಸ ಸಿಗಲಿ. ಆಂಡ್ರಾಯ್ಡ್ ಡಿಎಚ್‌ಸಿಪಿವಿ6ನಿಂದ ಬಿಡಿ ವಿಳಾಸ ತೆಗೆದುಕೊಳ್ಳುವುದಿಲ್ಲ. ವಿಂಡೋಸ್‌ನ ಡಿಎಚ್‌ಸಿಪಿ ಫೇಲ್‌ಓವರ್ ಇರುವುದೂ ಐಪಿವಿ4ಗೆ ಮಾತ್ರ.

ಪ್ರ: ಫೇಲ್‌ಓವರ್ ಸರಿಯಾಗಿದೆ ಅಂತ ಪರೀಕ್ಷಿಸುವುದು ಹೇಗೆ?

ಆಗಲೇ ಸೇರಿರುವ ಲ್ಯಾಪ್‌ಟಾಪ್‌ನಿಂದ ಪಿಂಗ್ ಓಡಿಸಿ, ಕಂಟ್ರೋಲರ್ ಆಫ್ ಮಾಡಿ, "ಒಂದೇ ಪಿಂಗ್ ತಪ್ಪಿತು, ಪಾಸ್" ಅಂತ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಪರೀಕ್ಷೆ ಡಿಎಚ್‌ಸಿಪಿಯನ್ನು ಮುಟ್ಟುವುದೇ ಇಲ್ಲ. ಲ್ಯಾಪ್‌ಟಾಪ್ ಹತ್ತಿರ ಐಪಿ ಆಗಲೇ ಇತ್ತಲ್ಲ.

ಕಂಟ್ರೋಲರ್ ಬದಲಾದ ಮೇಲೆ ಹಿಂದೆಂದೂ ಆ ನೆಟ್‌ವರ್ಕ್‌ಗೆ ಸೇರದ ಫೋನ್ ಒಂದನ್ನು ತನ್ನಿ. ಪ್ರತಿ ಎಸ್‌ಎಸ್‌ಐಡಿಗೂ, ಪ್ರತಿ ವಿಎಲ್ಯಾನ್‌ಗೂ ಸೇರಿಸಿ ನೋಡಿ. ಆಮೇಲೆ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲೀಸ್ ಬಿಟ್ಟು ಮತ್ತೆ ಕೇಳಿ. ನಂತರ ಎರಡು ಡಿಎಚ್‌ಸಿಪಿ ಸರ್ವರ್‌ಗಳಲ್ಲಿ ಒಂದನ್ನು ನಿಲ್ಲಿಸಿ ಇದನ್ನೇ ಮತ್ತೆ ಮಾಡಿ. ಕೊನೆಗೆ ಮೊದಲ ಕಂಟ್ರೋಲರ್‌ಗೆ ವಾಪಸ್ ಬಂದು ಇನ್ನೊಮ್ಮೆ. ವಾಪಸ್ ಬರುವ ದಾರಿಯನ್ನು ಪರೀಕ್ಷಿಸುವವರು ಕಡಿಮೆ, ಅಲ್ಲೇ ಪೀಕಲಾಟ ಜಾಸ್ತಿ.

ಪ್ರ: ನಮ್ಮಲ್ಲಿ ಬೇರೆ ಸರ್ವರ್ ಇಲ್ಲ, ಬಜೆಟ್ಟೂ ಇಲ್ಲ. ಕಂಟ್ರೋಲರ್ ಬಿಟ್ಟು ಗತಿಯಿಲ್ಲ. ಏನು ಮಾಡಲಿ?

ಮೊದಲು ನಿಮ್ಮ ಲೇಯರ್ 3 ಸ್ವಿಚ್ ಅಥವಾ ಫೈರ್‌ವಾಲ್ ನೋಡಿ. ಬಹುತೇಕ ಎಲ್ಲದರಲ್ಲೂ ಡಿಎಚ್‌ಸಿಪಿ ಸರ್ವರ್ ಇರುತ್ತದೆ. ಅದು ಕೆಟ್ಟರೆ ಹೇಗೂ ಇಂಟರ್‌ನೆಟ್ ಇರುವುದಿಲ್ಲ, ಹಾಗಾಗಿ ಅಲ್ಲಿಟ್ಟರೆ ಹೊಸ ಅಪಾಯವೇನೂ ಸೇರುವುದಿಲ್ಲ. ಸಿಸ್ಕೋ ಐಓಎಸ್ ಸ್ವಿಚ್ ಆದರೆ ಲೀಸ್ ಪಟ್ಟಿಯನ್ನು ಫ್ಲ್ಯಾಶ್‌ಗೋ ಬೇರೆ ಸರ್ವರ್‌ಗೋ ಬರೆಯುವ ವ್ಯವಸ್ಥೆ ಇದೆ. ಅದನ್ನು ಆನ್ ಮಾಡಿ, ರೀಬೂಟ್ ಆದರೂ ಲೆಕ್ಕ ಉಳಿಯುತ್ತದೆ.

ಅದೂ ಆಗದಿದ್ದರೆ ಮಾತ್ರ ಕಂಟ್ರೋಲರ್. ಆಗ ಪೂಲ್‌ಗಳನ್ನು ಒಂದಕ್ಕೊಂದು ತಾಗದ ಹಾಗೆ ಭಾಗ ಮಾಡಿ, ಲೀಸ್ ಎರಡು ಗಂಟೆಗೆ ಇಳಿಸಿ, ಪ್ರಿಂಟರ್ ಮತ್ತು ಸರ್ವರ್‌ಗಳ ವಿಳಾಸಗಳನ್ನು ಎರಡೂ ಪೂಲ್‌ನಿಂದ ಹೊರಗಿಡಿ. ಯಾವ ಕಂಟ್ರೋಲರ್‌ಗೆ ಯಾವ ಶ್ರೇಣಿ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ರ‍್ಯಾಕ್ ಬಾಗಿಲಿನ ಒಳಗೆ ಅಂಟಿಸಿ. ರಾತ್ರಿ ಪಾಳಿಯವರು ಕೆಟ್ಟ ಕಂಟ್ರೋಲರ್ ಬದಲಾಯಿಸುವಾಗ ಹಳೆಯ ಬ್ಯಾಕಪ್ ಹಾಕುತ್ತಾರೆ. ಆ ಬ್ಯಾಕಪ್‌ನಲ್ಲಿ ಇನ್ನೂ ಪೂರ್ತಿ ಪೂಲ್ ಇದ್ದರೆ ಭಾಗ ಮಾಡಿದ್ದೆಲ್ಲ ವ್ಯರ್ಥ. ಹಾಗಾಗಿ ಭಾಗ ಮಾಡಿದ ದಿನವೇ ಎರಡೂ ಕಂಟ್ರೋಲರ್‌ಗಳ ಹೊಸ ಬ್ಯಾಕಪ್ ತೆಗೆದಿಡಿ.